ಹಿಕ್ಕೆ ಯಾವ ನರಿಯದು? ಕೂದಲು ನೋಡಿ ಹೇಳಿದೆ

ಬೆಳಗ್ಗೆ ಎದ್ದು ನರಿ ಮುಖ ನೋಡಿದರೆ ಅದೃಷ್ಟ ಅಂತಾರೆ. ನಾನು ನಾಲ್ಕು ವರ್ಷ ನೋಡಿದ್ದು ಅದರ ಇನ್ನೊಂದು ತುದಿಯನ್ನು.

ಜಾಗ ಕೆನಡಾದ ಹಡ್ಸನ್ ಕೊಲ್ಲಿಯ ದಂಡೆ, ಚರ್ಚಿಲ್ ಸುತ್ತಮುತ್ತ. ಆರ್ಕ್ಟಿಕ್ ಬಿಳಿ ನರಿ, ಕೆಂಪು ನರಿ ಎರಡೂ ಅಲ್ಲಿವೆ. ಯಾವುದು ಏನು ತಿನ್ನುತ್ತದೆ ಎಂದು ಹಿಕ್ಕೆಯಿಂದ ತಿಳಿಯುವುದು ನನ್ನ ಕೆಲಸ. ಹಿಕ್ಕೆಯ ಗಾತ್ರ ನಂಬಿ ಯಾರದೆಂದು ಬರೆದರೆ ಕೆಟ್ಟಿರಿ. ಡಿಎನ್‌ಎ ಮಾಡಿಸಲು ಒಂದಕ್ಕೆ ಹತ್ತಿರ ಹತ್ತಿರ 40 ಡಾಲರ್ ಆಗುತ್ತಿತ್ತು. ನನ್ನ ಬಳಿ ಇದ್ದದ್ದು ಆರುನೂರು ಚಿಲ್ಲರೆ ಹಿಕ್ಕೆ. ಲೆಕ್ಕ ನೀವೇ ಹಾಕಿ.

ನರಿ ಮೈ ನೆಕ್ಕಿಕೊಳ್ಳುತ್ತದೆ, ಅದರದೇ ಕೂದಲು ಹಿಕ್ಕೆಯಲ್ಲಿ ಸಿಗಬೇಕು, ಬಣ್ಣ ನೋಡಿದರೆ ಯಾರದೆಂದು ತಿಳಿಯಬೇಕು, ಅಲ್ವಾ? "ಸುಮ್ನೆ ಟೈಮ್ ಹಾಳು" ಎಂದರು ಜೊತೆಯವರು.

ಮೊದಲ ವರ್ಷ ಅವರೇ ಗೆದ್ದರು. ಜುಲೈನಲ್ಲಿ ಆರಿಸಿದ್ದೆ. ಬೇಸಿಗೆಯಲ್ಲಿ ಬಿಳಿ ನರಿ ಬಿಳಿಯೇ ಇರುವುದಿಲ್ಲ, ಕಂದು! ಹೆಲಿಕಾಪ್ಟರ್ ದುಡ್ಡು ನೀರುಪಾಲು. ಮರುವರ್ಷ ಏಪ್ರಿಲ್‌ಗೆ ಬದಲಾಯಿಸಿದೆ. ಆಗ ಒಂದು ಹಿಕ್ಕೆಯಲ್ಲಿ ಬಿಳಿ ಕೂದಲಿನ ಉಂಡೆಯೇ ಸಿಕ್ಕಿತು. ಡಿಎನ್‌ಎ ಹೇಳಿದ್ದು ಕೆಂಪು ನರಿ. ಅದು ಬಿಳಿಯದನ್ನು ತಿಂದಿತ್ತು! ಅಂದಿನಿಂದ ನನ್ನ ನಿಯಮ: ನಾಲ್ಕೈದು ಬಿಡಿ ಕೂದಲಾದರೆ ಮೈಯದು, ಉಂಡೆಯ ಜೊತೆ ಉಗುರೋ ಚರ್ಮವೋ ಇದ್ದರೆ ಊಟ. ಬಿಡಿ ಕೂದಲನ್ನು ಬೇಗ ಹುಡುಕಲು ಒಂದು ಉಪಾಯವಿದೆ, ಅದನ್ನು ಈಗಲೇ ಹೇಳುವುದಿಲ್ಲ.

ತೊಳೆಯುವುದು ಎಲ್ಲರಂತೆ, ನೈಲಾನ್ ಕಾಲುಚೀಲದಲ್ಲಿ ಕಟ್ಟಿ ವಾಷಿಂಗ್ ಮೆಷಿನ್‌ಗೆ. ಒಮ್ಮೆ ಚೀಲಗಳು ಹರಿದು ಹದಿನೆಂಟು ಹಿಕ್ಕೆ ಕಲಸಿ ಪಲ್ಯವಾದವು. ಮೊದಲು ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವಾರ ಇಡುವುದನ್ನು ಮಾತ್ರ ತಪ್ಪಿಸಬೇಡಿ. ಹಿಕ್ಕೆಯಲ್ಲಿರುವ ಲಾಡಿಹುಳುವಿನ ಮೊಟ್ಟೆ ಸಾಯುವುದು ಅದರಿಂದಲೇ, ಅದು ತಮಾಷೆಯಲ್ಲ.

ಕೊನೆಗೆ ಐವತ್ತನ್ನು ಡಿಎನ್‌ಎಗೆ ಕಳಿಸಿದೆ. ನಲವತ್ತೈದೋ ನಲವತ್ತಾರೋ ಸರಿಬಂದವು. ನಕ್ಕವರೇ ಈಗ ವಿಧಾನ ಕೇಳುತ್ತಾರೆ.

ಊಟದ ವಿಷಯ: ಲೆಮ್ಮಿಂಗ್, ವೋಲ್ ಇಲಿಗಳ ಹಲ್ಲು ಎರಡರಲ್ಲೂ ಧಾರಾಳ. ಹೆಬ್ಬಾತುಗಳು ಬಂದ ಮೇಲೆ ಗರಿ, ಮೊಟ್ಟೆಚಿಪ್ಪು ಎರಡರಲ್ಲೂ. ನನ್ನನ್ನು ಕಾಡಿದ್ದು ಸೀಲ್ ಎಂಬ ಕಡಲಪ್ರಾಣಿ. ಹಿಮಕರಡಿ ಅದರ ಕೊಬ್ಬು ತಿಂದು ಮಾಂಸ ಬಿಡುತ್ತದೆ, ಬಿಳಿ ನರಿ ಹೆಪ್ಪುಗಟ್ಟಿದ ಕಡಲ ಮೇಲೆ ಹಿಂದೆಯೇ ಹೋಗಿ ಅದನ್ನು ತಿನ್ನುತ್ತದೆ. ಆದರೆ ಬರೀ ಮಾಂಸ ಹಿಕ್ಕೆಯಲ್ಲಿ ಗುರುತು ಬಿಡುವುದಿಲ್ಲ. ಹಾಗಾಗಿ ಬಲೆ ಹಾಕುವವರಿಂದ ಸತ್ತ ನರಿಗಳ ಮೀಸೆ ತಂದು ನೈಟ್ರೋಜನ್ ಐಸೋಟೋಪ್ (ಊಟ ಕಡಲಿನದೋ ನೆಲದ್ದೋ ಎಂದು ಹೇಳುವ ಗುರುತು) ನೋಡಿಸಿದೆ. ಇಲಿ ಕಡಿಮೆಯಿದ್ದ ವರ್ಷದ ಬಿಳಿ ನರಿಗಳಲ್ಲಿ ಸಮುದ್ರದ ಊಟ ಎದ್ದು ಕಂಡಿತು. ಕೆಂಪು ನರಿಗಳಲ್ಲಿ ಅಷ್ಟಿಲ್ಲ, ಮೂರನ್ನು ಬಿಟ್ಟು. ಆ ಮೂರರ ಮೀಸೆ ಫ್ರೀಜರ್‌ನಲ್ಲಿದೆ, ದುಡ್ಡು ಬಂದಾಗ ಮತ್ತೆ ಕಳಿಸಬೇಕು.