ಹ್ಯಾಮಕ್ ಕೆಳಗೆ ಕಟ್ಟುವ ಡೌನ್ ಕೌದಿ: ನಾನು ಹೊಲಿದುಕೊಂಡ ಬಗೆ

ಹ್ಯಾಮಕ್‌ನಲ್ಲಿ ಮಲಗುವವರಿಗೆ, ಅಂದರೆ ಎರಡು ಮರಗಳ ನಡುವೆ ಕಟ್ಟಿದ ಬಟ್ಟೆಯ ತೂಗುಹಾಸಿಗೆಯಲ್ಲಿ ಮಲಗುವವರಿಗೆ, ಚಳಿ ಹತ್ತುವುದು ಬೆನ್ನಿನಿಂದ. ಚಿತ್ರದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಡ್ಡಸಾಲಿನ ತುಂಬ ಗಾಳಿಯಂತ್ರ ನಿಲ್ಲಿಸುವಷ್ಟು ಗಾಳಿ ನಮ್ಮದು. ನಾನು ಮಲಗುವುದು ಹೊಳಲ್ಕೆರೆ ಕಡೆ, ದೊಡ್ಡಪ್ಪನ ತೋಟದ ಹುಣಸೆಮರಗಳ ನಡುವೆ. ಜನವರಿಯ ನಸುಕಿನಲ್ಲಿ 15 ಡಿಗ್ರಿ ಆಸುಪಾಸಿದ್ದರೂ, ಬಟ್ಟೆಯಡಿ ಗಾಳಿ ಹರಿಯತೊಡಗಿದರೆ ನಡುಕ ಬರುತ್ತದೆ. ಸ್ಲೀಪಿಂಗ್ ಬ್ಯಾಗ್ ಹೊಕ್ಕರೂ ಪ್ರಯೋಜನ ಕಡಿಮೆ. ಡೌನ್, ಅಂದರೆ ಬಾತುಕೋಳಿಯ ಎದೆಯ ಮೆತ್ತನೆ ಪುಕ್ಕ, ತನ್ನ ಎಳೆಗಳ ನಡುವೆ ನಿಂತ ಗಾಳಿಯಿಂದ ಬೆಚ್ಚಗಿಡುತ್ತದೆ. ಮೈಭಾರಕ್ಕೆ ಅದು ಚಪ್ಪಟೆಯಾದರೆ ಇದ್ದೂ ಇಲ್ಲದಂತೆ. ಆದ್ದರಿಂದ ಕೌದಿ ಹ್ಯಾಮಕ್‌ನ ಹೊರಗೆ, ಕೆಳಗಡೆ ತೂಗಬೇಕು. ಇದಕ್ಕೆ ಅಂಡರ್‌ಕ್ವಿಲ್ಟ್ ಎನ್ನುತ್ತಾರೆ.

"ಚಳ್ಳಕೆರೆ ಕಂಬಳಿ ಐತಲ್ಲೋ ತಮ್ಮಾ, ಇದ್ಯಾಕೆ?" ಅಂದರು ದೊಡ್ಡಪ್ಪ. ಹೊದೆಯಲು ಕಂಬಳಿಯೇ ಸರಿ, ಇಂದಿಗೂ ಅದನ್ನೇ ಹೊದೆಯುತ್ತೇನೆ. ಉಣ್ಣೆ ಸ್ವಲ್ಪ ತೇವವಾದರೂ ಬಿಸಿ ಬಿಡುವುದಿಲ್ಲ. ಡೌನ್ ನೆನೆದರೆ ಮುದ್ದೆಗಟ್ಟುತ್ತದೆ. ಆದರೆ ಕೆಳಗೆ ಕಟ್ಟಿದರೆ ಕಂಬಳಿಯ ತೂಕಕ್ಕೆ ಅದು ಜೋತುಬಿದ್ದು ಬೆನ್ನಿನಿಂದ ದೂರ ಸರಿಯುತ್ತದೆ.

ಕತ್ತರಿ ಹಿಡಿಯುವ ಮೊದಲು ಅಳತೆ. ನನ್ನ ಹ್ಯಾಮಕ್ 330 ಸೆಂ.ಮೀ. ಉದ್ದ. ಅದರ ಎರಡು ತುದಿಗಳ ನಡುವೆ 274 ಸೆಂ.ಮೀ. ದಾರ ಬಿಗಿದೆ, ಅಂದರೆ ಉದ್ದದ ಶೇಕಡಾ 83. ಹೀಗೆ ಮಾಡಿದರೆ ಯಾವ ಮರಕ್ಕೆ ಕಟ್ಟಿದರೂ ಜೋಲು ಒಂದೇ ಥರ ಇರುತ್ತದೆ. ಅದರಲ್ಲಿ ಓರೆಯಾಗಿ ಮಲಗಿ, ಭುಜದಿಂದ ಮೀನಖಂಡದವರೆಗೆ ತಮ್ಮನಿಂದ ಗುರುತು ಹಾಕಿಸಿಕೊಂಡೆ. ಸ್ವಲ್ಪ ಹೆಚ್ಚಿಗೆ ಬಿಟ್ಟು 130 ಸೆಂ.ಮೀ. ಉದ್ದ, 110 ಅಗಲ ಎಂದು ತೀರ್ಮಾನಿಸಿದೆ. ಪಾದದಡಿಗೆ ಒಂದು ತುಂಡು ಫೋಮ್ ಸಾಕು.

ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಹೊರ ಬಟ್ಟೆಯ ಅಗಲ. ಮೈಯ ಸುತ್ತ ಬಾಗುವಾಗ ಹೊರಗಿನ ಪದರಕ್ಕೆ ಹೆಚ್ಚು ದೂರ ಬೇಕು. ಎರಡೂ ಒಂದೇ ಅಳತೆಯಾದರೆ ಹೊರಪದರ ಬಿಗಿದು ಪುಕ್ಕವನ್ನು ಅಮುಕುತ್ತದೆ. ಹಾಗಾಗಿ ಪುಕ್ಕ ತುಂಬುವ ಹತ್ತು ಉದ್ದುದ್ದ ಕೋಣೆಗಳಲ್ಲಿ ಒಳಬದಿಗೆ ತಲಾ 11 ಸೆಂ.ಮೀ., ಹೊರಬದಿಗೆ 13 ಇಟ್ಟೆ. ಉದ್ದುದ್ದ ಹೊಲಿದದ್ದಕ್ಕೂ ಕಾರಣವಿದೆ: ಅಡ್ಡಡ್ಡ ಹೊಲಿದರೆ ಪಕ್ಕೆಯ ಪುಕ್ಕವೆಲ್ಲ ಜಾರಿ ನಡುವಿನ ತಗ್ಗಿಗೆ ಸೇರುತ್ತದೆ.

ಕೋಣೆಗಳ ನಡುವಿನ ಗೋಡೆಗೆ ಸೊಳ್ಳೆಪರದೆ ಬಟ್ಟೆಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿದೆ. ಹೊಲಿದ ಮೇಲೆ ಗೋಡೆಯ ಎತ್ತರ ನಾಲ್ಕು ಸೆಂ.ಮೀ. ಒಳಗೂ ಹೊರಗೂ ಪುಕ್ಕ ನುಸುಳದಷ್ಟು ಒತ್ತಾಗಿ ನೇಯ್ದ ತೆಳು ನೈಲಾನ್. ಛತ್ರಿ ಬಟ್ಟೆ ಬೇಡ, ಅದರ ಲೇಪನ ಮೈಯ ತೇವವನ್ನು ಒಳಗೇ ನಿಲ್ಲಿಸುತ್ತದೆ. ಕಾಲು ಮಷಿನ್‌ಗೆ ಸಣ್ಣ ಸೂಜಿ, ಪಾಲಿಯೆಸ್ಟರ್ ದಾರ. ಸೂಜಿ ದಪ್ಪವಾದರೆ ಆ ತೂತುಗಳಿಂದಲೇ ಪುಕ್ಕ ಹೊರಬರುತ್ತದೆ.

ಪುಕ್ಕ ಸಿಕ್ಕಿದ್ದು ಹಳೆಯ ಸ್ಲೀಪಿಂಗ್ ಬ್ಯಾಗೊಂದನ್ನು ಬಿಚ್ಚಿ. ಅದರ ಫಿಲ್ ಪವರ್ 700. ಅಂದರೆ ಒಂದು ಔನ್ಸ್ ಪುಕ್ಕ 700 ಘನ ಅಂಗುಲ ಜಾಗ ತುಂಬುತ್ತದೆ. ನಮ್ಮ ಲೆಕ್ಕಕ್ಕೆ ಗ್ರಾಮಿಗೆ ಸುಮಾರು 405 ಘನ ಸೆಂಟಿಮೀಟರ್. ಉಬ್ಬು ಸೇರಿಸಿ ಸರಾಸರಿ ದಪ್ಪ 4.5 ಸೆಂ.ಮೀ. ಎಂದು ಹಿಡಿದರೆ 160 ಗ್ರಾಂ ಬೇಕು. ತೇವಕ್ಕೂ ಬಳಕೆಗೂ ಉಬ್ಬು ಇಳಿಯುತ್ತದೆಂದು ಕಾಲು ಭಾಗ ಹೆಚ್ಚಿಸಿ 200 ಮಾಡಿದೆ. ಕೋಣೆಗೆ 20 ಗ್ರಾಂ. ತುಂಬುವಾಗ ಫ್ಯಾನ್ ಆರಿಸಿ, ಮಂಚದ ಸೊಳ್ಳೆಪರದೆ ಇಳಿಬಿಟ್ಟು, ತಕ್ಕಡಿಯ ಸಮೇತ ಒಳಗೆ ಕೂತೆ. ಉಸಿರು ಜೋರಾಗಿ ಬಿಟ್ಟರೂ ಹಾರುವ ವಸ್ತು ಅದು. ಮೂಗಿಗೆ ಮಾಸ್ಕ್ ಇರಲಿ.

ಕಟ್ಟುವುದು ಎಲಾಸ್ಟಿಕ್ ಹಗ್ಗದಿಂದ. ಮಲಗಿದ ಮೇಲೆ ಕೆಳಗಿನಿಂದ ಯಾರಾದರೂ ಕೈಯಾಡಿಸಿ ನೋಡಬೇಕು: ಹ್ಯಾಮಕ್‌ಗೂ ಕೌದಿಗೂ ನಡುವೆ ಸಂದು ಇರಬಾರದು, ಪುಕ್ಕ ಅಮುಕಲೂಬಾರದು. ಎರಡೂ ತುದಿಯನ್ನು ಲಾಡಿಯಂತೆ ಬಿಗಿಯಿರಿ. ಅಲ್ಲಿ ಬಾಯಿ ತೆರೆದಿದ್ದರೆ ಎಷ್ಟು ಪುಕ್ಕ ತುಂಬಿದ್ದರೂ ಗಾಳಿ ಅದನ್ನು ಗೆಲ್ಲುತ್ತದೆ.

ಮನೆಯಲ್ಲಿ ಅದನ್ನು ಮಡಚಿ ಒತ್ತಿಡುವುದಿಲ್ಲ, ದೊಡ್ಡ ಹತ್ತಿ ಚೀಲದಲ್ಲಿ ಸಡಿಲವಾಗಿ ನೇತುಹಾಕುತ್ತೇನೆ. ಈಗ ತಮ್ಮನಿಗೊಂದು ಹೊಲಿಯಬೇಕಾಗಿದೆ. ಅವನು ಆರಡಿ ಆಳು, ಭುಜವೂ ಅಗಲ. ನನ್ನ ನಕ್ಷೆ ಅವನಿಗೆ ಆಗದು. ಮೊದಲು ಅವನನ್ನು ಹ್ಯಾಮಕ್‌ನಲ್ಲಿ ಮಲಗಿಸಿ ಗುರುತು ಹಾಕಬೇಕು.