ದೂರು ಕೊಡದವರನ್ನು ಹುಡುಕಿಕೊಂಡು ಹೋದದ್ದು

ನಮ್ಮ ಆಯೋಗದ ಮೊದಲ ವರ್ಷದ ಯೋಜನೆ ಬರೆದವಳು ನಾನೇ. ನಾಲ್ಕು ಪುಟ ಇತ್ತು. ಈಗ ತೆಗೆದು ಓದಿದರೆ ಮುಜುಗರವಾಗುತ್ತದೆ. ಮಾರ್ಚ್ 8ಕ್ಕೆ ಮಹಿಳಾ ದಿನ, ಡಿಸೆಂಬರ್ 3ಕ್ಕೆ ಅಂಗವಿಕಲರ ದಿನ, ಡಿಸೆಂಬರ್ 10ಕ್ಕೆ ಮಾನವ ಹಕ್ಕುಗಳ ದಿನ. ನಡುವೆ ಒಂದು ಪ್ರಬಂಧ ಸ್ಪರ್ಧೆ, ಎರಡು ಉಪನ್ಯಾಸ. ಗೋಡೆ ಮೇಲಿನ ಕ್ಯಾಲೆಂಡರ್ ನೋಡಿಕೊಂಡು ಒಂದು ಸಂಜೆಯಲ್ಲಿ ಮುಗಿಸಿದ್ದೆ. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ, ಕೈ ಎತ್ತಿ ಒಪ್ಪಿಬಿಟ್ಟರು.

ನಮ್ಮದು ನಗರಮಟ್ಟದ ಮಾನವ ಹಕ್ಕು ಆಯೋಗ. 9 ಜನ ಸದಸ್ಯರು, ಯಾರಿಗೂ ಸಂಬಳ ಇಲ್ಲ. ಪೂರ್ತಿ ದಿನ ಕೆಲಸ ಮಾಡುವವರು ಒಬ್ಬರು, ಅರ್ಧ ದಿನಕ್ಕೆ ಬರುವ ಗುಮಾಸ್ತೆ ಒಬ್ಬರು. ದೂರು ಕೇಳಬಹುದು, ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಬಹುದು, ನಗರಸಭೆಗೆ ಶಿಫಾರಸು ಮಾಡಬಹುದು. ಅಷ್ಟೇ. ಯಾರಿಗೂ ದಂಡ ಹಾಕುವ ಅಧಿಕಾರ ಇಲ್ಲ. ಯೋಜನೆ ಮಾಡುವಾಗ ಇದನ್ನು ಮರೆತರೆ ಏನಾಗುತ್ತದೆ ಅಂತ ನಮಗೆ ಆಮೇಲೆ ಗೊತ್ತಾಯಿತು.

ಎರಡನೇ ವರ್ಷ ನಗರಸಭೆಯ ಬಜೆಟ್ ಸಭೆಯಲ್ಲಿ ಒಬ್ಬ ಸದಸ್ಯರು ನಮ್ಮ ವರದಿ ತಿರುವಿ ಹಾಕುತ್ತಾ ಕೇಳಿದರು: "ವರ್ಷಕ್ಕೆ 40 ಚಿಲ್ಲರೆ ದೂರು. ಇಷ್ಟು ದೊಡ್ಡ ಊರಿಗೆ ಇಷ್ಟೇನಾ? ಹಾಗಿದ್ದರೆ ಸಮಸ್ಯೆ ಅಂಥದ್ದೇನಿಲ್ಲ ಅಂತ ಆಯ್ತು, ಅಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಕೊಂಕು ನುಡಿದದ್ದೂ ಅಲ್ಲ. ಸಂಖ್ಯೆ ನೋಡಿದವರು ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ಉತ್ತರ ಸಿಕ್ಕಿದ್ದು ನಮ್ಮದೇ ಕಚೇರಿಯ ಗುಮಾಸ್ತೆಯ ಮೇಜಿನ ಮೇಲೆ. ಅವರು ಫೋನ್ ಪಕ್ಕ ಒಂದು ಗೆರೆ ಹಾಕಿದ ನೋಟ್‌ಬುಕ್ ಇಟ್ಟುಕೊಂಡಿದ್ದರು. ಬಂದ ಪ್ರತಿ ಕರೆಗೂ ಒಂದು ಸಾಲು. ಯಾರೂ ಬರೆಯಿರಿ ಅಂತ ಹೇಳಿರಲಿಲ್ಲ, ಅವರ ಅಭ್ಯಾಸ. "ಮನೆ ಬಾಡಿಗೆ ವಿಷಯ. ಹೆಸರು ಹೇಳಲಿಲ್ಲ." "ಯೋಚನೆ ಮಾಡಿ ಮತ್ತೆ ಮಾಡ್ತೀನಿ ಅಂದರು." "ಹೆಂಗಸು. ಹಿಂದೆ ಯಾರೋ ಬಂದರು, ಫೋನ್ ಇಟ್ಟುಬಿಟ್ಟರು." ಪುಟದಿಂದ ಪುಟಕ್ಕೆ ಇದೇ. ನಾವು ಕೂತು ಎಣಿಸಿದೆವು. ದೂರಾಗಿ ದಾಖಲಾದದ್ದರ ಮೂರು ಪಟ್ಟಿಗಿಂತ ಜಾಸ್ತಿ ಇತ್ತು. ಅದರಲ್ಲೂ ಹೆಚ್ಚಿನವು ಮಧ್ಯಾಹ್ನ ಊಟದ ಹೊತ್ತಿಗೆ, ಇಲ್ಲಾಂದ್ರೆ ಸಂಜೆ 5ಕ್ಕೆ ಹತ್ತು ನಿಮಿಷ ಮುಂಚೆ ಬಂದ ಕರೆಗಳು. ನಮ್ಮ ಕಚೇರಿ 5ಕ್ಕೆ ಮುಚ್ಚುತ್ತಿತ್ತು. ದುಡಿಯುವವರಿಗೆ ಕೆಲಸದಿಂದ ಬಿಡುವು ಸಿಗುವುದೇ ಆ ಹೊತ್ತಿಗೆ.

ಆ ನೋಟ್‌ಬುಕ್ ನೋಡಿದ ಮೇಲೆ ಯೋಜನೆ ಮಾಡುವ ಕ್ರಮವನ್ನೇ ಬದಲಿಸಿದೆವು. ಬಂದ ದೂರುಗಳ ಫೈಲನ್ನು ಪಕ್ಕಕ್ಕಿಟ್ಟೆವು. ಬಾಗಿಲವರೆಗೆ ಬಂದು ವಾಪಸ್ ಹೋದವರು ಯಾರು, ಬಾಗಿಲು ಎಲ್ಲಿದೆ ಅಂತಲೇ ಗೊತ್ತಿಲ್ಲದವರು ಯಾರು, ಅಲ್ಲಿಂದ ಶುರು ಮಾಡಿದೆವು.

ಮೊದಲು ಸಿಕ್ಕ ತಪ್ಪು ನಮ್ಮದೇ. ದೂರು ಕೊಟ್ಟು ಆಮೇಲೆ ಹಿಂದಕ್ಕೆ ಪಡೆದ ಒಬ್ಬರನ್ನು ಹೋಗಿ ಮಾತಾಡಿಸಿದೆವು. ಅವರು ಬಾಡಿಗೆದಾರರು, ದೂರು ಇದ್ದದ್ದು ಮನೆ ಮಾಲೀಕರ ಮೇಲೆ. ನಾವು ನಿಯಮದ ಪ್ರಕಾರ "ನಿಮ್ಮ ದೂರು ಸ್ವೀಕರಿಸಲಾಗಿದೆ" ಅಂತ ಪತ್ರ ಕಳಿಸಿದ್ದೆವು. ಲಕೋಟೆ ಮೇಲೆ ಆಯೋಗದ ಹೆಸರು, ದಪ್ಪ ಅಕ್ಷರದಲ್ಲಿ, ಲಾಂಛನದ ಸಮೇತ. ಇಡೀ ಕಟ್ಟಡಕ್ಕೆ ಇದ್ದದ್ದು ಒಂದೇ ಅಂಚೆ ಡಬ್ಬಿ. ಅದರ ಬೀಗದ ಕೈ ಮಾಲೀಕರ ಹತ್ತಿರ. "ನೀವು ಒಳ್ಳೇದು ಮಾಡೋಕೆ ಹೋಗಿ ನನ್ನನ್ನ ಸಿಕ್ಕಿಸಿಬಿಟ್ರಿ" ಅಂದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮರುದಿನದಿಂದ ಬರೀ ಬಿಳಿ ಲಕೋಟೆ. ಅದಕ್ಕೆ ಯಾವ ಯೋಜನೆಯೂ ಬೇಕಿರಲಿಲ್ಲ. ಅರ್ಜಿ ನಮೂನೆಯಲ್ಲಿ ಒಂದು ಸಾಲು ಸೇರಿಸಿದೆವು: "ನಿಮ್ಮನ್ನು ಯಾವ ರೀತಿ, ಯಾವ ಹೊತ್ತಿನಲ್ಲಿ ಸಂಪರ್ಕಿಸಿದರೆ ತೊಂದರೆ ಆಗುವುದಿಲ್ಲ?"

ನಮೂನೆ ತಿದ್ದುವಾಗ ಒಂದು ಸಣ್ಣ ಜಗಳವೂ ಆಯಿತು. ಒಂದೊಂದು ಪದಕ್ಕೂ ಇಷ್ಟು ಹೊತ್ತು ಯಾಕೆ ಅಂತ ಒಬ್ಬರು ಸಿಡುಕಿದರು. ಇನ್ನೊಬ್ಬರು ಹಂಸಾ ಮೆಹ್ತಾ ಅವರ ವಿಷಯ ತೆಗೆದರು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕರಡಿನಲ್ಲಿ ಮೊದಲ ವಿಧಿ ಶುರುವಾಗುತ್ತಿದ್ದದ್ದು "ಎಲ್ಲ ಪುರುಷರೂ" ಎನ್ನುವ ಅರ್ಥ ಬರುವ ಮಾತಿನಿಂದ. ಭಾರತದ ಪ್ರತಿನಿಧಿಯಾಗಿದ್ದ ಮೆಹ್ತಾ ಪಟ್ಟು ಹಿಡಿದರು, ಅದು "ಎಲ್ಲ ಮನುಷ್ಯರೂ" ಅಂತಾಯಿತು. ಪುರುಷರು ಅಂದರೆ ಎಲ್ಲರೂ ಬಂದರಲ್ಲ ಅಂತ ಆಗಲೂ ಹೇಳಿದವರಿದ್ದರು. ಸಿಡುಕಿದವರು ಸುಮ್ಮನಾದರು. ಅವತ್ತು ಸಭೆ ರಾತ್ರಿ ತುಂಬ ತಡವಾಗಿ ಮುಗಿಯಿತು, ಅದು ಬೇರೆ ಮಾತು.

ಆಮೇಲೆ ಹೊರಗೆ ಹೋದೆವು. ಜನರನ್ನು ಸಭೆಗೆ ಕರೆಯುವ ಬದಲು ಜನ ಹೇಗೂ ಕಾಯುತ್ತಾ ಕೂತಿರುವ ಕಡೆ ಹೋಗುವುದು ಅಂತ ತೀರ್ಮಾನಿಸಿದ್ದೆವು. ಆಸ್ಪತ್ರೆಯ ಹೊರರೋಗಿ ವಿಭಾಗ, ಪಿಂಚಣಿ ಕೌಂಟರ್, ಉದ್ಯೋಗ ಕಚೇರಿ. ಸಾರ್ವಜನಿಕ ಸಭೆ ಕರೆದರೆ ಬರುವವರು ಯಾವಾಗಲೂ ಅದೇ ಹತ್ತು ಜನ. ಮೈಕ್ ಹಿಡಿದು ಮಾತಾಡಿ ಅಭ್ಯಾಸ ಇರುವವರು.

ಮೊದಲ ದಿನ ಪೂರ್ತಿ ದಂಡವಾಯಿತು. "ನಿಮ್ಮ ಹಕ್ಕುಗಳ ಉಲ್ಲಂಘನೆ ಆಗಿದೆಯಾ?" ಅಂತ ಕೇಳುತ್ತಿದ್ದೆವು. ಎಲ್ಲರೂ ಇಲ್ಲ ಅಂದರು. ಕೆಲವರು ನಮ್ಮನ್ನು ಏನೋ ಮಾರಲು ಬಂದವರು ಅಂದುಕೊಂಡರು. ಎರಡನೇ ದಿನ ಪ್ರಶ್ನೆ ಬದಲಾಯಿಸಿದೆ: "ಯಾವುದಾದರೂ ಕೆಲಸಕ್ಕೆ ಹೋಗಿ, ಕೆಲಸ ಆಗದೆ ವಾಪಸ್ ಬಂದದ್ದು ಕೊನೆಯ ಸಲ ಯಾವಾಗ?" ಅಷ್ಟು ಕೇಳಿದ್ದೇ ತಡ, ಒಬ್ಬ ಅಜ್ಜಿ ಮುಕ್ಕಾಲು ಗಂಟೆ ಮಾತಾಡಿದರು. ಅವರ ಸರದಿ ಬಂದರೂ ಏಳಲಿಲ್ಲ, "ಇರಿ, ಹೇಳಿ ಮುಗಿಸ್ತೀನಿ" ಅಂದರು.

ಪಿಂಚಣಿ ಕೌಂಟರಿನಲ್ಲಿ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಐವತ್ತು ದಾಟಿದ ಒಬ್ಬರು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಕೈಯಲ್ಲಿ ಟೋಕನ್ ಚೀಟಿ. ಸುರುಳಿ ಸುತ್ತಿ, ಬಿಡಿಸಿ, ಮತ್ತೆ ಸುತ್ತಿ ಅದು ಬಟ್ಟೆಯಷ್ಟು ಮೆತ್ತಗಾಗಿತ್ತು. ಅವರಿಗೆ ಕಿವಿ ಕೇಳಿಸದು. ಕೌಂಟರಿನ ಮೇಲಿದ್ದ ನಂಬರ್ ಪರದೆ ಕೆಟ್ಟು ಎಷ್ಟು ದಿನವಾಗಿತ್ತೋ. ಒಳಗಿದ್ದ ಹುಡುಗಿ ನಂಬರ್ ಕೂಗುತ್ತಿದ್ದಳು. ಇವರು ಜನರ ಮುಖ ನೋಡುತ್ತಿದ್ದರು. ಯಾರಾದರೂ ಎದ್ದರೆ ಇವರೂ ಅರ್ಧ ಏಳುತ್ತಿದ್ದರು, ಬೇರೆಯವರು ಕೌಂಟರಿಗೆ ಹೋದರೆ ಮತ್ತೆ ಕೂರುತ್ತಿದ್ದರು. ನಾನು ಮೊಬೈಲಿನಲ್ಲಿ ಟೈಪ್ ಮಾಡಿ ಕೇಳಿದೆ. ಅವರು ಚೀಟಿ ಬಿಡಿಸಿ ತೋರಿಸಿದರು. ಅವರ ನಂಬರ್ ಹೋಗಿ ಒಂದು ಗಂಟೆಯಾಗಿತ್ತು. ಹೋಗಿ ವಿಚಾರಿಸಿದರೆ ಆ ಹುಡುಗಿ ನಿಜಕ್ಕೂ ಗಾಬರಿಯಾದಳು. "ನಾನು ಎರಡು ಸಲ ಕೂಗಿದೆ ಮೇಡಂ" ಅಂದಳು. ಅದು ಸುಳ್ಳಲ್ಲ.

ಇದನ್ನು ದೂರಾಗಿ ಬರೆಯೋಣ ಅಂದರೆ ನಮ್ಮ ನಮೂನೆಯಲ್ಲಿ "ಎದುರುದಾರರ ಹೆಸರು" ಅಂತ, ಅಂದರೆ ದೂರು ಯಾರ ಮೇಲೆ ಅಂತ, ಒಂದು ಕಾಲಂ ಇತ್ತು. ಏನಂತ ತುಂಬುವುದು? ಅವರನ್ನು ಯಾರೂ ಬೈದಿಲ್ಲ, ಯಾರೂ ತಡೆದಿಲ್ಲ. ವಿಶ್ವಸಂಸ್ಥೆ 2006ರಲ್ಲಿ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಒಪ್ಪಿಕೊಂಡಾಗ 9ನೇ ವಿಧಿಯಲ್ಲಿ ಕಟ್ಟಡ, ಸಾರಿಗೆಯ ಜೊತೆ ಮಾಹಿತಿಯೂ ಎಲ್ಲರ ಕೈಗೆ ಎಟುಕುವಂತಿರಬೇಕು ಅಂತ ಬರೆದದ್ದು ಇಂಥದ್ದಕ್ಕೇ. ಆದರೆ ಒಂದೊಂದೇ ದೂರು ಕಾಯುತ್ತಾ ಕೂತರೆ ಕೆಟ್ಟ ಪರದೆಯ ಮೇಲೆ ದೂರು ಬರುವುದೇ ಇಲ್ಲ.

ಭಾಷೆಯ ವಿಷಯದಲ್ಲಿ ಇನ್ನೊಂದು ಎಡವಟ್ಟು ಮಾಡಿಕೊಂಡೆವು. ಬೇರೆ ಭಾಷೆಯ ಒಬ್ಬ ತಾಯಿಯನ್ನು ಮಾತಾಡಿಸುವಾಗ ಅವರ ಮಗಳೇ ಅನುವಾದ ಮಾಡಿದಳು. ಹನ್ನೊಂದು ವರ್ಷದ ಚೂಟಿ ಹುಡುಗಿ. ಎಲ್ಲಾ ಚೆನ್ನಾಗಿದೆ ಅಂತ ಬರೆದುಕೊಂಡು ಬಂದೆವು. ತಿಂಗಳಾದ ಮೇಲೆ ಆ ಭಾಷೆ ಬಲ್ಲ ದೊಡ್ಡವರೊಬ್ಬರನ್ನು ಕರೆದುಕೊಂಡು ಹೋದರೆ ತಾಯಿ ಹೇಳಿದ್ದೇ ಬೇರೆ. ಕೆಲಸದ ಜಾಗದಲ್ಲಿ ನಡೆಯುತ್ತಿದ್ದದ್ದನ್ನು ಮಗಳ ಬಾಯಿಂದ ಹೇಳಿಸುವುದು ಹೇಗೆ? ಅವತ್ತಿನಿಂದ ಮಕ್ಕಳನ್ನು ಅನುವಾದಕ್ಕೆ ಕೂರಿಸುವುದಿಲ್ಲ. ಇದಕ್ಕೆ ವಿನಾಯಿತಿ ಕೊಟ್ಟಿಲ್ಲ.

ಇಷ್ಟೆಲ್ಲ ಸೇರಿಸಿಕೊಂಡು ಬಂದ ಮೇಲೆ ಗೋಡೆ ತುಂಬ ಚೀಟಿ ಅಂಟಿಸಿದೆವು. ಅಲ್ಲಿಂದ ಶುರುವಾಯಿತು ಕಷ್ಟ. ಎಲ್ಲವೂ ನಿಜವಾದ ಸಮಸ್ಯೆ. ಒಂದನ್ನು ಕಿತ್ತು ಪಕ್ಕಕ್ಕಿಡುವಾಗಲೂ ಅದನ್ನು ಹೇಳಿದವರ ಮುಖ ಕಣ್ಣ ಮುಂದೆ ಬರುತ್ತದೆ. ಕೊನೆಗೆ ಪ್ರತಿ ಚೀಟಿಗೂ ಮೂರೇ ಪ್ರಶ್ನೆ ಹಾಕಿದೆವು. ಇದನ್ನು ಈಗಾಗಲೇ ಬೇರೆ ಯಾರಾದರೂ ಮಾಡುತ್ತಿದ್ದಾರಾ? ನಮಗಿರುವ ಅಧಿಕಾರದಲ್ಲಿ ಏನಾದರೂ ಅಲುಗಾಡೀತಾ? ವರ್ಷದ ಕೊನೆಗೆ ಆಯ್ತು, ಆಗಲಿಲ್ಲ ಅಂತ ಒಂದು ಮಾತಲ್ಲಿ ಹೇಳಲು ಬರುತ್ತದಾ? "ಜಾಗೃತಿ ಮೂಡಿಸುವುದು" ಎನ್ನುವ ಚೀಟಿಗಳೆಲ್ಲ ಮೂರನೇ ಪ್ರಶ್ನೆಗೆ ಉದುರಿದವು.

ಇದೇ ಹೊತ್ತಿಗೆ ಪ್ಯಾರಿಸ್ ತತ್ವಗಳನ್ನು ಒಂದು ಸಲ ಕೂತು ಓದಿದೆವು. ಮಾನವ ಹಕ್ಕು ಆಯೋಗಗಳು ಹೇಗಿರಬೇಕು ಅಂತ 1991ರಲ್ಲಿ ರೂಪಿಸಿ, 1993ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿಕೊಂಡ ತತ್ವಗಳು. ಅವು ರಾಷ್ಟ್ರಮಟ್ಟದ ಆಯೋಗಗಳಿಗೆ ಬರೆದವು, ಊರಿನ ಆಯೋಗಗಳಿಗಲ್ಲ. ಆದರೂ ಸ್ವತಂತ್ರವಾಗಿರಬೇಕು, ಸಮಾಜದ ಬೇರೆ ಬೇರೆ ಕಡೆಯವರು ಒಳಗಿರಬೇಕು ಎನ್ನುವುದು ನಮಗೂ ತಾಗಿತು. ನಮ್ಮ 9 ಜನರಲ್ಲಿ ಬಾಡಿಗೆ ಮನೆಯಲ್ಲಿ ಇದ್ದವರು ಒಬ್ಬರೇ. ಗಾಲಿಕುರ್ಚಿ ಬಳಸುವವರು, ಕಿವಿ ಕೇಳದವರು ಒಬ್ಬರೂ ಇಲ್ಲ. ಸದಸ್ಯರನ್ನು ಆರಿಸುವುದು ನಮ್ಮ ಕೈಯಲ್ಲಿ ಇರಲಿಲ್ಲ. ಹಾಗಾಗಿ ಯೋಜನೆ ಮಾಡುವ ಮೇಜಿಗೆ ಹೊರಗಿನಿಂದ ಐವರನ್ನು ಕರೆದೆವು, ಅವರ ಮಾತಿಗೂ ನಮ್ಮಷ್ಟೇ ತೂಕ ಅಂತ ಬರೆದಿಟ್ಟೆವು. ಅವರಲ್ಲಿ ಒಬ್ಬರು ಆ ಟೋಕನ್ ಚೀಟಿಯವರು, ಸಂಜ್ಞಾ ಭಾಷೆಯ ಅನುವಾದಕರ ಜೊತೆ ಬರುತ್ತಿದ್ದರು.

ಇನ್ನೊಂದು ಉಪಾಯ ಸಿಕ್ಕಿದ್ದು ಸ್ಯಾನ್ ಫ್ರಾನ್ಸಿಸ್ಕೊ ಕಡೆಯಿಂದ. ಮಹಿಳೆಯರ ವಿರುದ್ಧದ ತಾರತಮ್ಯ ತೊಲಗಿಸುವ 1979ರ ಒಡಂಬಡಿಕೆಯನ್ನು ಅಮೆರಿಕ ದೇಶವಾಗಿ ಅಂಗೀಕರಿಸಿಲ್ಲ. ಆದರೆ ಆ ನಗರ 1998ರಲ್ಲಿ ಅದನ್ನು ತನ್ನದೇ ಸ್ಥಳೀಯ ಕಾನೂನಾಗಿ ಮಾಡಿಕೊಂಡಿತು. ಇಲಾಖೆಗಳು ತಮ್ಮ ಕೆಲಸ, ನೇಮಕಾತಿ, ಬಜೆಟ್ಟನ್ನು ಹೆಣ್ಣುಮಕ್ಕಳ ದೃಷ್ಟಿಯಿಂದ ತಾವೇ ಪರಿಶೀಲಿಸುವಂತೆ ಮಾಡಿತು. "ತಾವೇ" ಎನ್ನುವುದು ನನಗೆ ಹಿಡಿಸಿತು. ಹೊರಗಿನಿಂದ ಹೋಗಿ ತಪ್ಪು ಹುಡುಕಿದರೆ ಅಧಿಕಾರಿಗಳು ಬಾಗಿಲು ಹಾಕಿಕೊಳ್ಳುತ್ತಾರೆ. ನಾವು ಒಂದು ಪುಟದ ಪ್ರಶ್ನೆಪಟ್ಟಿ ಮಾಡಿ ನಾಲ್ಕು ಕೌಂಟರ್‌ಗಳ ಮುಖ್ಯಸ್ಥರಿಗೆ ಕೊಟ್ಟೆವು. ಒಂದೇ ಷರತ್ತು: ಕುರ್ಚಿ ಬಿಟ್ಟು ಎದ್ದು, ಅರ್ಧ ದಿನ ಈಚೆ ಕಡೆ ಕೂತು ತುಂಬಬೇಕು. ಮೂವರು ಕೂತರು. ಒಬ್ಬರು ಗುಮಾಸ್ತರಿಂದ ತುಂಬಿಸಿ ಕಳಿಸಿದರು, ಅದು ಓದಿದರೆ ಗೊತ್ತಾಗುತ್ತಿತ್ತು.

ವರದಿಯಲ್ಲಿ ಅಂಕಿ ಹಾಕುವಾಗ ಒಂದು ಎಚ್ಚರ ಬೇಕು. ಊರಿನಲ್ಲಿ ಒಂದು ಸಮುದಾಯದ ಮನೆಗಳೇ ನಾಲ್ಕೈದು ಇದ್ದಾಗ "ಆ ಸಮುದಾಯದ ಇಬ್ಬರು ಹೀಗೆ ಹೇಳಿದರು" ಅಂತ ಬರೆದರೆ ಹೆಸರು ಬರೆದ ಹಾಗೇ. 10ಕ್ಕಿಂತ ಕಡಿಮೆ ಇದ್ದ ಸಂಖ್ಯೆಗಳನ್ನು ನಾವು ಅಚ್ಚು ಹಾಕಲಿಲ್ಲ. ಲಕೋಟೆಯ ಪಾಠ ಒಂದು ಸಲ ಸಾಕಾಗಿತ್ತು.

ಕೊನೆಗೆ ಯೋಜನೆ ಒಂದೇ ಪುಟಕ್ಕೆ ಇಳಿಯಿತು. ಕೆಲಸ ಮೂರು: ಕೌಂಟರ್‌ಗಳಲ್ಲಿ ನಂಬರ್ ಕಣ್ಣಿಗೆ ಕಾಣುವಂತೆ ಮಾಡಿಸುವುದು, ವಾರಕ್ಕೆ ಎರಡು ದಿನ ರಾತ್ರಿ 8ರವರೆಗೆ ಫೋನ್ ಎತ್ತುವುದು, ನಂಬಿಕಸ್ಥ ಅನುವಾದಕರ ಪಟ್ಟಿ ಮಾಡಿಡುವುದು. ಹಿಂಬದಿಯಲ್ಲಿ "ಈ ವರ್ಷ ನಮ್ಮಿಂದ ಆಗದ್ದು" ಅಂತ ಇನ್ನೊಂದು ಪಟ್ಟಿ, ಪಕ್ಕದಲ್ಲಿ ಕಾರಣ. ಅದನ್ನು ಹಾಕಬಾರದು, ನಮ್ಮ ಮರ್ಯಾದೆ ಹೋಗುತ್ತದೆ ಅಂತ ಇಬ್ಬರು ವಾದಿಸಿದರು. ಹೇಳಿಕೊಂಡವರಿಗೆ ಕನಿಷ್ಠ ಅಷ್ಟಾದರೂ ತಿಳಿಯಬೇಕು ಅಂತ ನಾನು ಬಿಡಲಿಲ್ಲ.

ಡಿಸೆಂಬರ್ 10ರ ಕಾರ್ಯಕ್ರಮ ಬಿಡಲು ನಮ್ಮ ಹಿರಿಯ ಸದಸ್ಯರಿಗೆ ಮನಸ್ಸಿರಲಿಲ್ಲ. ಬೇಡ ಅನ್ನಲಿಲ್ಲ. ಅವತ್ತು ವೇದಿಕೆ ಹಾಕುವ ಬದಲು ಅದೇ ಆಸ್ಪತ್ರೆ, ಅದೇ ಕೌಂಟರಿಗೆ ಹೋಗಿ "ನೀವು ಹೇಳಿದ್ದರಲ್ಲಿ ಇಷ್ಟು ಆಗಿದೆ, ಇಷ್ಟು ಆಗಿಲ್ಲ" ಅಂತ ಕಾಗದ ಹಂಚಿದೆವು. ಹಾರ, ಶಾಲು ಏನೂ ಇರಲಿಲ್ಲ. ಹಿರಿಯರು ಸ್ವಲ್ಪ ಸಪ್ಪಗಿದ್ದರು. ಆದರೆ ಎಲ್ಲರಿಗಿಂತ ಜಾಸ್ತಿ ಹೊತ್ತು ನಿಂತು ಮಾತಾಡಿದವರೂ ಅವರೇ.

ಮುಂದಿನ ಬಜೆಟ್ ಸಭೆಗೆ ದೂರುಗಳ ಸಂಖ್ಯೆ ದುಪ್ಪಟ್ಟಾಗಿತ್ತು. ಅದೇ ಸದಸ್ಯರು ಮತ್ತೆ ಕೇಳಿದರು: "ಇಷ್ಟು ಜಾಸ್ತಿ ಆಯ್ತಲ್ಲ, ನಿಮ್ಮ ಆಯೋಗ ಏನು ಕೆಲಸ ಮಾಡ್ತಿದೆ?" ಈ ಸಲ ನಾನು ಆ ನೋಟ್‌ಬುಕ್ಕನ್ನೇ ಒಯ್ದಿದ್ದೆ. ಹೆಸರು, ನಂಬರ್ ಇದ್ದ ಕಡೆ ಕಾಗದ ಅಂಟಿಸಿ, ಹಿಂದಿನ ವರ್ಷದ ಒಂದು ಪುಟವನ್ನು ಅವರೇ ಓದಲಿ ಅಂತ ಕೊಟ್ಟೆ.

ನಾಲ್ಕು ಕೌಂಟರ್‌ಗಳಲ್ಲಿ ಮೂರಕ್ಕೆ ಪರದೆ ಬಂದಿದೆ. ಪಿಂಚಣಿ ಕೌಂಟರಿನಲ್ಲೂ ಬಂದಿದೆ. ಹೋದ ವಾರ ಟೋಕನ್ ಚೀಟಿಯವರಿಂದ ನನಗೆ ಮೆಸೇಜ್ ಬಂತು: "ಪರದೆ ಇವತ್ತು ಆಫ್. ರಿಮೋಟ್ ಸಿಗ್ತಿಲ್ವಂತೆ. ದೂರು ಬರೆದುಕೊಡಲಾ?"

ಬರೆದುಕೊಡಿ ಅಂದೆ. ಎದುರುದಾರರ ಕಾಲಂ ತೆಗೆದುಹಾಕಿದ್ದೇವೆ.