ಕರಿಬೇವಿನ ಹುಳು ಸಾಕಿ ಚಿತ್ರ ಬರೆಯುವ ಬಗೆ

ನಿಂಬೆ ಚಿಟ್ಟೆಯ ಚಿತ್ರವನ್ನು ನಾನು ಮೊಟ್ಟೆಯಿಂದಲೇ ಶುರುಮಾಡುತ್ತೇನೆ. ಕರಿಬೇವಿನ ಎಳೆ ಚಿಗುರಿನಲ್ಲಿ ಒಂದೊಂದಾಗಿ ಅಂಟಿರುತ್ತದೆ: ತಿಳಿಹಳದಿ, ದುಂಡಗೆ, ಸುಮಾರು 1 ಮಿ.ಮೀ. ಹೀಗೆ ಶುರುಮಾಡಲು ಕಲಿತದ್ದು ಜರ್ಮನಿಯ ಕೀಟಚಿತ್ರಕಾರ್ತಿ ಮರಿಯಾ ಸಿಬಿಲ್ಲಾ ಮೇರಿಯನ್ (1647–1717) ಅವರ ಕ್ರಮದಿಂದ. ಫ್ರಾಂಕ್‌ಫರ್ಟ್‌ನಲ್ಲಿ 13ನೇ ವಯಸ್ಸಿಗೇ ರೇಷ್ಮೆಹುಳು ಸಾಕಿ ಗಮನಿಸತೊಡಗಿದವರು, 1679ರ ಪುಸ್ತಕದ 50 ಚಿತ್ರಫಲಕಗಳಲ್ಲಿ ಹುಳು, ಕೋಶ, ಚಿಟ್ಟೆಗಳನ್ನು ಅವು ತಿನ್ನುವ ಗಿಡದ ಜೊತೆಗೇ ಕೂರಿಸಿದರು. 1699ರಲ್ಲಿ ಕಿರಿಯ ಮಗಳೊಂದಿಗೆ ದಕ್ಷಿಣ ಅಮೆರಿಕದ ಸುರಿನಾಮಿಗೆ ಹಡಗು ಹತ್ತಿದ್ದೂ ಇದೇ ಕೆಲಸಕ್ಕೆ. 1705ರಲ್ಲಿ 60 ಫಲಕಗಳ ಪುಸ್ತಕ ಬಂತು. ಸೂಜಿ ಚುಚ್ಚಿದ ಒಣ ಚಿಟ್ಟೆಯನ್ನು ನೋಡಿ ಬರೆದರೆ ರೆಕ್ಕೆ ಸಿಗುತ್ತದೆ, ಬದುಕು ಸಿಗುವುದಿಲ್ಲ ಎಂಬುದು ಅವರ ಒಂದೊಂದು ಫಲಕದಲ್ಲೂ ಕಾಣುತ್ತದೆ.

ಮೊಟ್ಟೆಯಿರುವ ಚಿಗುರನ್ನು ಸಣ್ಣ ಸೀಸೆಯ ನೀರಿನಲ್ಲಿಟ್ಟು ಬಾಯಿಗೆ ಹತ್ತಿ ತುರುಕಬೇಕು. ಇಲ್ಲದಿದ್ದರೆ ಹುಳು ದಂಟಿನಗುಂಟ ಇಳಿದು ನೀರಿಗೆ ಬೀಳುತ್ತದೆ. ಮೇಲೆ ಸೊಳ್ಳೆಪರದೆ ಬಟ್ಟೆ. ಸೊಪ್ಪು ಮನೆಯ ಗಿಡದ್ದೇ ಆಗಲಿ. ಅಂಗಡಿಯ ಕರಿಬೇವಿನಲ್ಲಿ ಕೀಟನಾಶಕ ಉಳಿದಿದ್ದರೆ ಹುಳು ಒಂದೇ ದಿನದಲ್ಲಿ ಸತ್ತುಹೋಗಬಹುದು. ಹಿಕ್ಕೆಯನ್ನು ದಿನವೂ ತೆಗೆಯಿರಿ, ಎಲೆಗೆ ನೀರು ಚಿಮುಕಿಸಬೇಡಿ, ಬೂಸ್ಟು ಹಿಡಿಯುತ್ತದೆ. ಕನಿಷ್ಠ ಮೂರು ಹುಳು ಸಾಕುತ್ತೇನೆ, ಏಕೆಂದರೆ ಒಂದರ ಕೋಶದಿಂದ ಚಿಟ್ಟೆಯ ಬದಲು, ಅದನ್ನು ಒಳಗಿನಿಂದ ತಿಂದು ಬೆಳೆದ ಪುಟ್ಟ ಕಣಜಗಳು ಹೊರಬರಬಹುದು. ಹಾಗಾದರೆ ಆ ತೂತು ಬಿದ್ದ ಕೋಶವನ್ನೂ ಬರೆಯಿರಿ. ಮೇರಿಯನ್ ಅಂಥವನ್ನೂ ಬಿಡದೆ ದಾಖಲಿಸಿದ್ದಾರೆ.

ಹುಳು ಯಾರಿಗಾಗಿಯೂ ಕಾಯುವುದಿಲ್ಲ. ನಾಲ್ಕನೇ ಹಂತದವರೆಗೆ ಹಕ್ಕಿಯ ಹಿಕ್ಕೆಯಂತೆ ಕಂದು-ಬಿಳಿ. ಪೊರೆ ಬಿಟ್ಟು ಐದನೇ ಹಂತಕ್ಕೆ ಬಂದರೆ ಹಸಿರು. ಆದ್ದರಿಂದ ದಿನಕ್ಕೊಂದು ಸ್ಕೆಚ್, ಪಕ್ಕದಲ್ಲಿ ತಾರೀಖು, ಡಿವೈಡರಿನಿಂದ ತೆಗೆದ ಉದ್ದ, ಬಣ್ಣದ ಗುರುತು. ಬಣ್ಣವನ್ನು ಅಂದೇ ಬೆರೆಸಿ ಚೂರು ಕಾಗದಕ್ಕೆ ಹಚ್ಚಿಡುತ್ತೇನೆ. ಫೋಟೋ ನಂಬಿದರೆ ಹಸಿರು ಕೈಕೊಡುತ್ತದೆ.

ಜಲವರ್ಣದ ಫಲಕಕ್ಕೆ 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ನುಣುಪು ಹಾಟ್‌ಪ್ರೆಸ್ ಕಾಗದ. ಒರಟು ಕಾಗದದಲ್ಲಿ ಹುಳುವಿನ ಕಾಲುಗಳ ಗೆರೆ ಒಡೆಯುತ್ತದೆ. ಸ್ಕೆಚ್‌ಗಳನ್ನು ಟ್ರೇಸಿಂಗ್ ಪೇಪರಿನಲ್ಲಿ ಜೋಡಿಸಿ ನೋಡಿ, 2ಎಚ್ ಪೆನ್ಸಿಲಿನಿಂದ ತೆಳುವಾಗಿ ಇಳಿಸುತ್ತೇನೆ. ಎಲ್ಲವೂ ನಿಜ ಅಳತೆಯಲ್ಲಿ, ಬೆಳಕು ಎಡ ಮೇಲಿನಿಂದ.

ಹೆಚ್ಚಿನವರು ಸೋಲುವುದು ಹಸಿರಿನ ಮೇಲೆ ಹಸಿರು ಬಂದಾಗ. ಒಂದೇ ಟ್ಯೂಬಿನ ಹಸಿರನ್ನು ಎರಡಕ್ಕೂ ಹಾಕಿದರೆ ಹುಳು ಎಲೆಯಲ್ಲಿ ಕರಗಿಹೋಗುತ್ತದೆ. ಹುಳುವಿಗೆ ಲೆಮನ್ ಯೆಲ್ಲೋಗೆ ಥ್ಯಾಲೋ ಬ್ಲೂ ಎಂಬ ಗಾಢ ನೀಲಿಯನ್ನು ಚೂರೇ ಚೂರು ಸೇರಿಸುತ್ತೇನೆ. ಥ್ಯಾಲೋ ಒಂದು ತೊಟ್ಟು ಹೆಚ್ಚಾದರೂ ಹಳದಿಯನ್ನು ನುಂಗಿಬಿಡುತ್ತದೆ. ಎಲೆಗೆ ಗ್ಯಾಂಬೋಜ್ ಹಳದಿ ಮತ್ತು ಅಲ್ಟ್ರಾಮರೀನ್ ನೀಲಿ, ನೆರಳಿಗೆ ಅದರಲ್ಲೇ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು. ಎಲೆಯ ಹೊಳಪಿನ ಜಾಗದಲ್ಲಿ ಕಾಗದದ ಬಿಳುಪನ್ನೇ ಬಿಡಿ. ಕರಿಬೇವಿನ ಕಿರು ಎಲೆಗಳು ಕಡ್ಡಿಯ ಎರಡೂ ಬದಿಗೆ ಎದುರುಬದುರಾಗಿ ಬರುವುದು ಕಡಿಮೆ, ಒಂದು ಬಿಟ್ಟು ಒಂದು ಏರುತ್ತವೆ. ಪ್ರತಿಯೊಂದರ ಬುಡವೂ ಓರೆ, ತುದಿಯಲ್ಲಿ ಒಂಟಿ ಎಲೆ. ಬೇವಿನ ಎಲೆಯ ನೆನಪಿನಲ್ಲಿ ಗರಗಸದಂಥ ಚೂಪು ಅಂಚು ಬರೆದರೆ ಗಿಡವೇ ಬೇರೆಯಾಗುತ್ತದೆ.

ಚಿಟ್ಟೆಯ ಕಪ್ಪಿಗೂ ಟ್ಯೂಬಿನ ಕಪ್ಪು ಬೇಡ, ಅದು ರೆಕ್ಕೆಯನ್ನು ತೂತಿನಂತೆ ಕಾಣಿಸುತ್ತದೆ. ಅಲ್ಟ್ರಾಮರೀನ್‌ಗೆ ಬರ್ಂಟ್ ಸಿಯೆನ್ನಾ ಸೇರಿಸಿ, ಒಣಗಿದ ಮೇಲೆ ಒಂದರಂತೆ ನಾಲ್ಕು ಪದರ. ಹಳದಿ ಮಚ್ಚೆಗಳ ಜಾಗ ಮೊದಲೇ ಬಿಟ್ಟಿರಬೇಕು. ಹಿಂದಿನ ರೆಕ್ಕೆಯ ಕೆಂಪು ಮಚ್ಚೆ ಕೊನೆಗೆ, 0 ನಂಬರ್ ಕುಂಚದಲ್ಲಿ.

ಹೊರಬರುವ ಹಿಂದಿನ ದಿನ ಕೋಶ ಕಪ್ಪಾಗಿ ರೆಕ್ಕೆಯ ನಕ್ಷೆ ಒಳಗಿನಿಂದ ಕಾಣುತ್ತದೆ. ಅಂದು ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಚಿಟ್ಟೆ ಹೊರಬಂದು ರೆಕ್ಕೆ ಬಿಡಿಸಿ, ಒಣಗುವವರೆಗೆ ಅಲ್ಲೇ ನೇತಾಡುತ್ತದೆ. ನೋಡಿ ಬರೆಯಲು ಸಿಗುವ ಹೊತ್ತು ಅದಷ್ಟೇ. ಆಮೇಲೆ ಪರದೆ ತೆರೆದುಬಿಡುತ್ತೇನೆ. ಸೊಂಟಕ್ಕೆ ಸುತ್ತಿದ ರೇಷ್ಮೆ ಎಳೆಯೊಂದಿಗೆ ಖಾಲಿ ಕೋಶ ಕಡ್ಡಿಯಲ್ಲೇ ಉಳಿದಿರುತ್ತದೆ, ತಲೆಯ ಹಿಂದೆ ಸೀಳಿಕೊಂಡು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ಅದನ್ನು ಮರುದಿನ ನಿಧಾನವಾಗಿ, ಬರೀ ಬೂದುಬಣ್ಣದ ನೀರಿನಲ್ಲಿ ಬರೆಯುತ್ತೇನೆ.